ಗೋಡೆಯ ಮೇಲಿನ ಸೊಸೆ

ಬಸಮ್ಮನ ಬಾಯಿ ಖಾರ, ಕೈ ಸಿಹಿ ಎಂದು ಹಳೇಬೀಡಿನ ಬೇಲೂರು ರಸ್ತೆಯ ಜನ ಹೇಳುವುದುಂಟು. ಬೈದ ಬಾಯಲ್ಲೇ ಊಟಕ್ಕೆ ಕರೆಯುವ ಹೆಂಗಸು ಅವಳು. ಹುಲಿಕೆರೆಯ ಶಾಲೆಯಲ್ಲಿ ಏಳನೆಯ ತರಗತಿಯವರೆಗೆ ಓದಿ, ಕೊಬ್ಬರಿ ವ್ಯಾಪಾರಿ ಗಂಗಾಧರಪ್ಪನ ಕೈಹಿಡಿದು ಈ ಮನೆಗೆ ಬಂದವಳು. ಬಂದ ಮೇಲೆ ಓದಿದ್ದು ಪಂಚಾಂಗ ಮತ್ತು ಕರೆಂಟ್ ಬಿಲ್ಲು ಮಾತ್ರ. ಅಂಥವಳು ಸೊಸೆಯ ಸರ್ಟಿಫಿಕೇಟಿಗಾಗಿ ಬೆಂಗಳೂರಿನ ಕಚೇರಿಯ ಮೆಟ್ಟಿಲು ಸವೆಸಿದ ಕಥೆ ಇಡೀ ಬೀದಿಗೆ ಗೊತ್ತಿತ್ತು. ಗೊತ್ತಿಲ್ಲದವರನ್ನು ಅವಳೇ ಹಿಡಿದು ನಿಲ್ಲಿಸಿ ಹೇಳುತ್ತಿದ್ದಳು.

ಸೊಸೆ ಹೇಮಲತಾ ಮದುವೆಗೆ ಮುಂಚೆ ಹಾಸನದಲ್ಲಿ ಡಿ.ಫಾರ್ಮ ಓದಿದ್ದಳು. ಔಷಧಿ ಅಂಗಡಿ ಇಡಬೇಕಾದರೆ ಆ ಓದು ಬೇಕು. ಓದಿದರೆ ಸಾಲದು, ಬೆಂಗಳೂರಿನಲ್ಲಿ ಹೆಸರು ನೋಂದಾಯಿಸಿ, ಫೋಟೊ ಇರುವ ಸರ್ಟಿಫಿಕೇಟ್ ಕೈಗೆ ಬರಬೇಕು. ಹೇಮಲತಾ ಪಾಸಾದ ವರ್ಷವೇ ಅವಳ ಕಾಲೇಜು ಬಾಗಿಲು ಹಾಕಿತು. ಅಂಕಪಟ್ಟಿ ಅಸಲಿಯೋ ನಕಲಿಯೋ ಎಂದು ಕೇಳಿ ಕಚೇರಿಯವರು ಬರೆದರೆ ಉತ್ತರ ಕೊಡಲು ಅಲ್ಲಿ ಪ್ರಿನ್ಸಿಪಾಲರಿಲ್ಲ, ಜವಾನನೂ ಇಲ್ಲ. ಕಾಲೇಜು ಇಲ್ಲದಿದ್ದರೆ ಪರೀಕ್ಷೆ ನಡೆಸಿದವರು ಬರೆದು ಕೊಡಲಿ ಎಂದು ಇವರು, ನಮಗೆ ಅಂಥ ಪತ್ರವೇ ಬಂದಿಲ್ಲ ಎಂದು ಅವರು. ಇಬ್ಬರ ನಡುವೆ ಹೇಮಲತಾ ಮದುವೆಯಾದಳು, ಇಂದ್ರೇಶನ ಹೆಂಡತಿಯಾಗಿ ಹಳೇಬೀಡಿಗೆ ಬಂದಳು, ರಾಗಿ ಮುದ್ದೆ ತಿರುವುವುದರಲ್ಲಿ ಅತ್ತೆಯನ್ನೇ ಮೀರಿಸಿದಳು. ಸರ್ಟಿಫಿಕೇಟ್ ಮಾತ್ರ ಬರಲಿಲ್ಲ.

"ಹೋಗ್ಲಿ ಬಿಡಿ ಅತ್ತೆ, ಬಂದಾಗ ಬರುತ್ತೆ" ಎಂದು ಹೇಮಲತಾ ಒಮ್ಮೆ ಅಂದಿದ್ದಳು.

"ಏನೇ ಬಿಡೋದು? ನಿಮ್ಮಪ್ಪ ಹೊಟ್ಟೆ ಬಟ್ಟೆ ಕಟ್ಟಿ ಓದ್ಸಿದ್ದು ಸಾರಿಗೆ ಒಗ್ಗರಣೆ ಹಾಕ್ಲಿ ಅಂತನಾ? ನಡಿ, ನಾನೂ ಬತ್ತೀನಿ. ಅದ್ಯಾವನು ಕೊಡಾಕಿಲ್ಲ ಅಂತಾನೋ ನೋಡಾನ."

ಹೀಗೆ ಅತ್ತೆ ಸೊಸೆ ಮೊದಲ ಬಸ್ಸಿಗೆ ಅರಸೀಕೆರೆಗೆ ಹೋಗಿ, ಅಲ್ಲಿಂದ ರೈಲು ಹಿಡಿಯತೊಡಗಿದರು. ಬುತ್ತಿಯಲ್ಲಿ ಚಿತ್ರಾನ್ನ, ಇಲ್ಲವೇ ಅಕ್ಕಿರೊಟ್ಟಿ ಮತ್ತು ಹುಚ್ಚೆಳ್ಳು ಚಟ್ನಿ. ಕಚೇರಿಯಲ್ಲಿ ಪ್ರತಿ ಸಲ ಒಂದು ಹೊಸ ಕಾರಣ. ಒಂದು ಸಲ ಸರ್ವರ್ ಇಲ್ಲ. ಇನ್ನೊಂದು ಸಲ ಆ ಸೀಟಿನವರಿಗೆ ವರ್ಗ ಆಗಿದೆ, ಹೊಸಬರು ಬಂದಿಲ್ಲ.

"ಸೀಟು ಐತಲ್ಲಪ್ಪ, ಅದ್ರ ಮೇಲೆ ಇನ್ಯಾರಾದ್ರೂ ಕೂತ್ಕೊಳ್ಳಿ" ಎಂದು ಬಸಮ್ಮ ಹೇಳಿದಾಗ ಸಾಲಿನಲ್ಲಿದ್ದವರೆಲ್ಲ ನಕ್ಕಿದ್ದರು.

ಕಡೆಯ ಸಲ ಹೋದಾಗ ಫೈಲೇ ಸಿಗುತ್ತಿಲ್ಲ ಎಂದರು. ಬಸಮ್ಮನಿಗೆ ತಡೆಯಲಾಗಲಿಲ್ಲ. ಬುತ್ತಿಯ ಡಬ್ಬಿಯನ್ನೇ ಮೇಜಿನ ಮೇಲೆ ಕುಕ್ಕಿ, "ನಿನ್ ಮಗಳನ್ನೂ ಯಾರಾದ್ರೂ ಹಿಂಗೇ ಅಲೆಸ್ಲಿ, ಆಗ ಗೊತ್ತಾಯ್ತದೆ" ಎಂದು ಗುಮಾಸ್ತನಿಗೆ ಶಾಪ ಹಾಕಿ ಬಂದಳು. ಹೇಮಲತಾ ನಾಚಿಕೆಯಿಂದ ದಾರಿಯುದ್ದಕ್ಕೂ ಕಿಟಕಿಯ ಕಡೆ ಮುಖ ತಿರುಗಿಸಿ ಕೂತಳು. ಬಸಮ್ಮ ಮಾತ್ರ ತಿಪಟೂರು ದಾಟುವವರೆಗೂ ಗೊಣಗುತ್ತಲೇ ಇದ್ದಳು.

ಶಿವರಾತ್ರಿ ಕಳೆದು ಕೆಲವೇ ದಿನಕ್ಕೆ ಅಂಚೆಯವನು ದಪ್ಪ ಲಕೋಟೆ ತಂದುಕೊಟ್ಟ. ಒಳಗೆ ಹೇಮಲತಾಳ ಫೋಟೊ, ಕೆಳಗೆ ನಂಬರು, ಮೊಹರು. ರಿಜಿಸ್ಟರ್ಡ್ ಫಾರ್ಮಸಿಸ್ಟ್. ಹೇಮಲತಾ ಅದನ್ನು ಓದಿ ಮುಗಿಸುವ ಮೊದಲೇ ಕಣ್ಣು ತುಂಬಿಕೊಂಡಳು. ಬಸಮ್ಮ ಅದನ್ನು ದೇವರ ಮುಂದಿಟ್ಟು ವಿಭೂತಿ ಹಚ್ಚಲು ಹೋದಳು.

"ಅಯ್ಯೋ ಅತ್ತೆ, ಕಲೆ ಆಗುತ್ತೆ!"

"ಆಗ್ಲಿ ಬಿಡೇ. ಅಷ್ಟು ಜನ ಮೊಹರು ಒತ್ತವ್ರೆ, ಶಿವಂದೂ ಒಂದಿರ್ಲಿ" ಎಂದಳಾದರೂ, ಕೊನೆಗೆ ಲಕೋಟೆಯ ಮೇಲಷ್ಟೇ ಹಚ್ಚಿದಳು.

ಆ ದಿನ ಕಾಯಿ ಹೋಳಿಗೆ. ಗಂಗಾಧರಪ್ಪ, ಇಂದ್ರೇಶ ಇಬ್ಬರೂ ಪಂಕ್ತಿಯಲ್ಲಿ ಕೂತಿದ್ದರು. ಬಸಮ್ಮ ಬಡಿಸುತ್ತಾ ಬಡಿಸುತ್ತಾ ಕಥೆ ಹೇಳಿದಳು.

"ಡಬ್ಬಿ ಕುಕ್ಕಿದೆ ನೋಡಿ, ಅವ್ನ ಮುಖ ಇಷ್ಟೇ ಆಯ್ತು. ಅಲ್ಲೇ ಫೈಲು ಹುಡ್ಕಿರ್ತಾನೆ. ಕೇಳೋರಿಲ್ದಿದ್ರೆ ಈ ದೇಶ್ದಲ್ಲಿ ಏನೂ ಆಗಾಕಿಲ್ಲ."

"ನಿನ್ನ ಬಾಯಿಗೆ ಹೆದರದೋನು ಯಾರೇ?" ಎಂದು ಗಂಗಾಧರಪ್ಪ ತುಪ್ಪಕ್ಕೆ ಕೈ ಒಡ್ಡಿದ.

"ಅಮ್ಮನ್ನ ವಿಧಾನಸೌಧಕ್ಕೆ ಕಳ್ಸಬೇಕು" ಎಂದು ಇಂದ್ರೇಶ ನಕ್ಕು, ಇನ್ನೊಂದು ಹೋಳಿಗೆ ಹಾಕಿಸಿಕೊಂಡ.

ಬಸಮ್ಮ ಇದನ್ನೆಲ್ಲ ಮಾಡಿದ್ದಕ್ಕೆ ಒಂದು ಕಾರಣವಿತ್ತು. ಮನೆಯ ಮುಂಭಾಗದಲ್ಲಿ ರಸ್ತೆಗೆ ಬಾಗಿಲಿರುವ ಒಂದು ಕೋಣೆ. ಅಲ್ಲಿ ಮೆಡಿಕಲ್ ಸ್ಟೋರ್ ಆಗಬೇಕು, ಅದರಲ್ಲಿ ತನ್ನ ಸೊಸೆ ಕೂರಬೇಕು ಎಂದು ಅವಳು ಹಟ ಹಿಡಿದಿದ್ದಳು. ಈ ಮನೆಯ ಹೆಂಗಸರು ಬಳೆ ಬೇಕಾದರೂ ಗಂಡಸರ ಜೇಬು ನೋಡಬೇಕು. ಕೇಳಿದರೆ ಗಂಗಾಧರಪ್ಪ ಇಲ್ಲ ಅನ್ನುವವನಲ್ಲ. ಆದರೆ ಯಾಕೆ, ಎಷ್ಟು, ಮೊನ್ನೆ ಕೊಟ್ಟದ್ದು ಏನಾಯಿತು ಎಂದು ಕೇಳಿಯೇ ಕೊಡುವವನು. ಕೇಳಿ ಕೇಳಿ ಬಸಮ್ಮನಿಗೆ ಸಾಕಾಗಿತ್ತು.

ಅವಳು ಹಿತ್ತಿಲಿನ ಎಮ್ಮೆಯನ್ನು ಮಾರಿದಳು. ಆ ಹಣದಲ್ಲಿ ಬಡಗಿ ಹೊನ್ನಯ್ಯನನ್ನು ಕರೆಸಿ ಗೋಡೆ ತುಂಬ ಕಪಾಟು ಹೊಡೆಸಿದಳು. ಎಮ್ಮೆಯ ಹಗ್ಗ ಬಿಚ್ಚಿಕೊಟ್ಟವನು ಗಂಗಾಧರಪ್ಪನೇ. ಕಪಾಟಿನ ಅಳತೆ ಹಿಡಿದವನು ಇಂದ್ರೇಶನೇ.

ಆ ವಾರದಲ್ಲೇ ಒಂದು ಬೆಳಿಗ್ಗೆ ಇಂದ್ರೇಶ ಒಂದಷ್ಟು ಕಾಗದ ಹಿಡಿದು ಅಡುಗೆಮನೆಗೆ ಬಂದ. ಹೇಮಲತಾ ಹೆಂಚಿನ ಮೇಲೆ ರೊಟ್ಟಿ ತಟ್ಟುತ್ತಿದ್ದಳು.

"ಸೈನ್ ಹಾಕು. ಲೈಸೆನ್ಸಿಗೆ ಕೊಡಬೇಕು. ಒರಿಜಿನಲ್ ಸರ್ಟಿಫಿಕೇಟೂ ಬೇಕಂತೆ."

ಹೇಮಲತಾ ಕೈ ಒರೆಸಿಕೊಂಡು ಕಾಗದ ತಿರುವಿದಳು. "ಇದ್ರಲ್ಲಿ ಏನಿದೆ? ಓದಿ ಹಾಕ್ತೀನಿ, ಮಧ್ಯಾಹ್ನ ಕೊಡ್ತೀನಿ."

"ಈಗ್ಲೇ ಹೋಗಬೇಕು, ಗಾಡಿ ನಿಂತಿದೆ."

"ಒಂದು ಹತ್ತು ನಿಮಿಷ."

ಬಸಮ್ಮನಿಗೆ ರೇಗಿತು. "ಓದೋದಿದ್ರೆ ಆಫೀಸ್ನೋರು ಕೊಟ್ಟಿದ್ದನ್ನ ಓದೇ. ಕಟ್ಕೊಂಡ ಗಂಡ ತಂದಿರೋದ್ರಲ್ಲಿ ಏನು ಹುಳ ಹುಡುಕ್ತೀಯ? ಹಾಕು ಸೈನು. ರೊಟ್ಟಿ ಸೀಯ್ತಾ ಐತೆ."

ಹೇಮಲತಾ ಅತ್ತೆಯ ಮುಖ ನೋಡಿದಳು. ನೋಡಿ, ತೋರಿಸಿದ ಕಡೆಯಲ್ಲೆಲ್ಲ ಸಹಿ ಹಾಕಿದಳು. ಹಿಟ್ಟು ಮೆತ್ತಿದ ಬೆರಳಿನ ಗುರುತು ಒಂದು ಕಾಗದದ ಅಂಚಿನಲ್ಲಿ ಉಳಿಯಿತು. ಇಂದ್ರೇಶ ಅದನ್ನು ಊದಿ, ಕಾಗದಗಳನ್ನು ಮಡಚಿಕೊಂಡು ಹೋದ.

ಯುಗಾದಿ ಬಂತು, ಹೋಯಿತು. ಲೈಸೆನ್ಸ್ ಬರಲಿಲ್ಲ.

"ಏನಾಯ್ತೋ ಇಂದ್ರೇಶ?" ಎಂದು ಬಸಮ್ಮ ಊಟಕ್ಕೆ ಬಡಿಸುವಾಗಲೆಲ್ಲ ಕೇಳುತ್ತಿದ್ದಳು.

"ಸರ್ವರ್ ಡೌನ್ ಅಂತಮ್ಮ."

ಮುಂದಿನ ವಾರ: "ಇನ್ಸ್‌ಪೆಕ್ಟರು ರಜೆ ಮೇಲೆ ಅವ್ರಂತೆ."

ಅದರ ಮುಂದಿನ ವಾರ: "ಫೈಲು ಹಾಸನಕ್ಕೆ ಹೋಗೈತಂತೆ."

ಸರ್ವರು, ರಜೆ, ಫೈಲು. ಈ ಮಾತುಗಳು ಬಸಮ್ಮನಿಗೆ ಬಾಯಿಪಾಠ. ಇವುಗಳ ಹಿಂದೆ ವರ್ಷಗಟ್ಟಲೆ ಅಲೆದವಳು ಅವಳು. ಹಾಗಾಗಿ ಒಂದಿಷ್ಟೂ ಅನುಮಾನ ಬರಲಿಲ್ಲ. "ಆ ಇನ್ಸ್‌ಪೆಕ್ಟರ್ ಮನೆ ಹಾಳಾಗ, ನಾನೇ ಹೋಗ್ಲಾ?" ಎಂದು ಕೇಳಿದರೆ, "ಬೇಡಮ್ಮ, ನೀನು ಬೈದ್ರೆ ಇನ್ನೂ ಲೇಟಾಗುತ್ತೆ" ಎನ್ನುತ್ತಿದ್ದ. ಗಂಗಾಧರಪ್ಪ ತಲೆ ತಗ್ಗಿಸಿ ಮುದ್ದೆ ಮುರಿಯುತ್ತಿದ್ದ. ಹೇಮಲತಾ ಮೊದಮೊದಲು ತಾನೂ ಕೇಳುತ್ತಿದ್ದಳು. ಆಮೇಲೆ ಅವಳು ಕೇಳುವುದನ್ನು ನಿಲ್ಲಿಸಿದ್ದನ್ನು ಬಸಮ್ಮ ಗಮನಿಸಲಿಲ್ಲ. ಖಾಲಿ ಕಪಾಟನ್ನು ದಿನಾ ಒರೆಸುವುದರಲ್ಲೇ ಅವಳಿಗೆ ಹೊತ್ತು ಹೋಗುತ್ತಿತ್ತು.

ಬಸಮ್ಮನ ತಂಗಿ ಮುತ್ತಮ್ಮ ಹುಲಿಕೆರೆಯಲ್ಲೇ ಮದುವೆಯಾಗಿ ಅಲ್ಲೇ ಉಳಿದವಳು. ಬಿ.ಪಿ. ತೋರಿಸಲು ಬೇಲೂರಿಗೆ ಹೋದಾಗ ಹಿಂದಿರುಗುವ ದಾರಿಯಲ್ಲಿ ಅಕ್ಕನ ಮನೆಗೆ ಬಂದು ಕಾಫಿ ಕುಡಿದು ಹೋಗುವುದು ರೂಢಿ. ಅಂದು ಬಂದವಳು ಚಪ್ಪಲಿ ಬಿಡುತ್ತಲೇ ಜಗಳಕ್ಕೆ ನಿಂತಳು.

"ಅಲ್ಲ ಕಣಕ್ಕ, ಬೇಲೂರ್ನಲ್ಲಿ ಅಂಗಡಿ ಮಾಡಿದೀರ, ನಂಗೊಂದು ಮಾತು ಹೇಳಲಿಲ್ವಲ್ಲ! ಪೂಜೆಗೂ ಕರೀಲಿಲ್ಲ."

"ಯಾವ ಅಂಗಡಿನೇ?"

"ಬಸ್ ಸ್ಟ್ಯಾಂಡ್ ಹತ್ರ ಕರಿಬಸವಯ್ಯನ ಮೆಡಿಕಲ್ಲು. ಗುಳಿಗೆ ತಗೊಳ್ಳಾಕೆ ಹೋದೆ. ತಲೆ ಎತ್ತಿದ್ರೆ ಗೋಡೆ ಮೇಲೆ ನಮ್ಮ ಹೇಮಾ! ಫ್ರೇಮ್ ಹಾಕ್ಸಿ, ಹೂವನೂ ಇಕ್ಕವ್ರೆ. ಒಂದ್ಗಳಿಗೆ ಎದೆ ಧಸಕ್ ಅಂತು ಕಣಕ್ಕ, ಫೋಟೊಗೆ ಹೂವ ಇಕ್ಕಿದ್ದು ನೋಡಿ."

"ಬಿ.ಪಿ. ಜೊತೆ ಕಣ್ಣೂ ತೋರಿಸ್ಕೊಂಡು ಬರ್ಬೇಕಿತ್ತು ನೀನು."

"ನನ್ನ ಕಣ್ಣು ಸರಿಯಾಗೇ ಐತೆ. ಕನ್ನಡ ಓದಾಕೆ ಬತ್ತದೆ ನಂಗೆ. ಫೋಟೊ ನಮ್ಮ ಹೇಮಂದೇ, ಹೆಸರು ಇಂಗ್ಲಿಷಲ್ಲಿತ್ತು, ಹೇಮಲತಾ ಅಂತ ಅಂಗಡೀಲಿದ್ದ ಹುಡುಗಿನೇ ಓದಿ ಹೇಳಿದ್ಲು."

ಹೇಮಲತಾ ಒಳಗೆ ಕಾಫಿ ಸೋಸುತ್ತಿದ್ದಳು. ಸೋಸುವ ಸದ್ದು ನಿಂತಿತು. ಬಸಮ್ಮ ಒಳಗೆ ನೋಡಿದಳು. ಸೊಸೆ ತಲೆ ಎತ್ತಲಿಲ್ಲ.

ಬಸಮ್ಮ ಕಾಫಿಗೂ ಕಾಯಲಿಲ್ಲ. ಆಧಾರ್ ಕಾರ್ಡ್ ಸೊಂಟಕ್ಕೆ ಸಿಕ್ಕಿಸಿಕೊಂಡು ನಡೆದಳು. ಬೇಲೂರಿನ ಬಸ್ಸು ತುಂಬಿತ್ತು. ಹೆಂಗಸರಿಗೆ ಟಿಕೆಟ್ ಬಿಟ್ಟಿಯಾದ ಮೇಲೆ ಈ ದಾರಿಯಲ್ಲಿ ಸೀಟು ಸಿಗುವುದು ಕನಸೇ. ಕಂಬಿ ಹಿಡಿದು ನಿಂತೇ ಹೋದಳು.

ಅಂಗಡಿಯಲ್ಲಿ ಅವಳಿಗೆ ಹುಡುಕುವ ಕೆಲಸವೇ ಬೀಳಲಿಲ್ಲ. ಬಾಗಿಲಿಗೆ ಎದುರಾಗಿ, ಗಡಿಯಾರದ ಪಕ್ಕದಲ್ಲೇ ಅದು ತೂಗಾಡುತ್ತಿತ್ತು. ವಿಭೂತಿ ಹಚ್ಚಲು ತಾನು ಹಿಂಜರಿದ ಅದೇ ಕಾಗದ. ಗಾಜಿನ ಹಿಂದೆ ಹೇಮಲತಾ ಬಿಟ್ಟ ಕಣ್ಣು ಬಿಟ್ಟಂತೆ ನೋಡುತ್ತಿದ್ದಳು. ಚೌಕಟ್ಟಿನ ಮೇಲೆ ಬಾಡಿದ ಸೇವಂತಿಗೆ.

ಕರಿಬಸವಯ್ಯ ಗಲ್ಲಾಪೆಟ್ಟಿಗೆಯ ಹಿಂದಿನಿಂದ ಎದ್ದು ನಿಂತ. ಗಂಗಾಧರಪ್ಪನಿಗೆ ಮಠದ ಕಡೆಯಿಂದ ಪರಿಚಯ, ಮನೆಗೆ ಬಂದು ಊಟ ಮಾಡಿದವನು.

"ಬನ್ನಿ ಅಕ್ಕಾವ್ರೇ, ಬನ್ನಿ. ಫ್ಯಾನ್ ಕೆಳಗೆ ಕೂತ್ಕೊಳಿ. ಕಾಫಿ ತರ್ಸ್ತೀನಿ."

"ಕಾಫಿ ಮನೇಲೇ ಬಿಟ್ಟು ಬಂದೀನಿ. ಅದ್ಯಾಕೆ ಅಲ್ಲಿ ತೂಗಾಕಿದೀರ?"

"ಯಾವ್ದು? ಓ, ಅದಾ. ಗೋಡೆ ಮೇಲೆ ಇರ್ಲೇಬೇಕು ಅಕ್ಕಾವ್ರೇ, ರೂಲ್ಸು."

"ನಮ್ಮ ಸೊಸೆದು ನಿಮ್ಮ ಗೋಡೆ ಮೇಲೆ ಯಾಕೈತೆ ಅಂತ ಕೇಳಿದ್ದು."

ಕರಿಬಸವಯ್ಯ ಒಮ್ಮೆ ಅವಳನ್ನು, ಒಮ್ಮೆ ಗೋಡೆಯನ್ನು ನೋಡಿದ. ಅವನಿಗೆ ನಿಜವಾಗಿಯೂ ಆಶ್ಚರ್ಯವಾದಂತಿತ್ತು.

"ಗಂಗಾಧರಪ್ಪನವರು ಹೇಳಲಿಲ್ವಾ? ನನ್ನ ಹತ್ರ ಇದ್ದ ಹುಡುಗನಿಗೆ ಸರ್ಕಾರಿ ಆಸ್ಪತ್ರೇಲಿ ಕೆಲಸ ಆಯ್ತು, ಅವ್ನ ಸರ್ಟಿಫಿಕೇಟ್ ವಾಪಸ್ ತಗೊಂಡ. ಇಲ್ದಿದ್ರೆ ಅಂಗಡಿ ಮುಚ್ಚಬೇಕಿತ್ತು. ನಾನೂ ನಿಮ್ಮನೇರೂ ಕಾರ್ತೀಕದಲ್ಲೇ ಮಾತಾಡ್ಕೊಂಡಿದ್ವಲ್ಲ. ತಿಂಗ್ಳಿಗೆ ಇಷ್ಟು ಅಂತ ಬಾಡಿಗೆ, ಇಂದ್ರೇಶನ ಅಕೌಂಟಿಗೇ ಹೋಗ್ತದೆ. ಸೊಸೆಯೋರು ಮನೇಲೇ ನೆಮ್ಮದಿಯಾಗಿ ಇರ್ಬೋದು. ಎಲ್ಲಾ ಕಡೆ ನಡೆಯೋದೇ ಅಕ್ಕಾವ್ರೇ ಇದು."

"ಕಾರ್ತೀಕದಲ್ಲಿ ಸರ್ಟಿಫಿಕೇಟೇ ಬಂದಿರ್ಲಿಲ್ಲ."

"ಅದಕ್ಕೇ ತಾನೆ ನಾನು ಕೈ ಹಾಕಿದ್ದು! ಬೆಂಗಳೂರಿನ ಆ ಕಚೇರೀಲಿ ನಮ್ಮ ಷಡ್ಡಕ ಒಬ್ರು ಇದಾರೆ. ಹುಡುಕಿಸಿ, ಮೇಲೆ ಹೇಳಿಸಿ, ಈಚೆಗೆ ಎಳೆಸಿದ್ದು ನಾನು. ಇಲ್ದಿದ್ರೆ ಇನ್ನೂ ಧೂಳು ತಿಂತಾ ಬಿದ್ದಿರೋದು."

ಬುತ್ತಿ ಡಬ್ಬಿ ಕುಕ್ಕಿದ ಕಥೆಯನ್ನು ತಾನು ಎಷ್ಟು ಜನಕ್ಕೆ ಹೇಳಿದ್ದೆ! ಹಾಲಿನ ಡೈರಿಯಲ್ಲಿ, ಬಸದಿಯ ಹತ್ತಿರ ಎಳನೀರು ಮಾರುವವರ ಮುಂದೆ, ನಂಟರ ಮದುವೆಯಲ್ಲಿ. ಮನೆಯಲ್ಲಿ ಹೋಳಿಗೆ ಬಡಿಸುತ್ತಾ ಹೇಳಿದಾಗ ಎದುರಿಗೆ ಕೂತವರಿಬ್ಬರಿಗೂ ಎಲ್ಲ ಗೊತ್ತಿತ್ತು. ಗೊತ್ತಿದ್ದೂ ತುಪ್ಪ ಹಾಕಿಸಿಕೊಂಡು ತಿಂದಿದ್ದರು.

"ಅಕ್ಕಾವ್ರೇ, ನೀರು ಕೊಡ್ಲಾ?" ಎಂದ ಕರಿಬಸವಯ್ಯ.

ಅವಳು ಮೆಟ್ಟಿಲಿಳಿದಳು.

ಸಂಜೆ ಗಂಗಾಧರಪ್ಪ ಅರಸೀಕೆರೆ ಮಾರುಕಟ್ಟೆಯಿಂದ ಬಂದು ಕೈಕಾಲು ತೊಳೆಯುವವರೆಗೂ ಬಸಮ್ಮ ಕಾದಳು. ಇಂದ್ರೇಶನೂ ಬಂದು ಕೂತ. ತಟ್ಟೆ ಇತ್ತು, ಊಟ ಇರಲಿಲ್ಲ.

"ಏನೇ, ಇನ್ನೂ ಒಲೆ ಹಚ್ಚಿಲ್ವಾ?"

"ಒಲೆ ಬಾಡಿಗೆಗೆ ಕೊಟ್ಟಿದೀನಿ" ಎಂದಳು ಬಸಮ್ಮ. "ಬೇಲೂರಿಗೆ. ಕಾರ್ತೀಕದಲ್ಲೇ ಮಾತಾಡ್ಕೊಂಡಿದ್ದೆ, ನಿಮಗೆ ಹೇಳೋದು ಮರ್ತೆ."

ಗಂಗಾಧರಪ್ಪ ಮಗನ ಮುಖ ನೋಡಿದ. ಮಗ ಮೊಬೈಲ್ ನೋಡಿದ.

"ಯಾರು ಹೇಳಿದ್ರು?"

"ಗೋಡೆ ಹೇಳ್ತು. ಥೂ ನಿಮ್ಮ! ಎಮ್ಮೆ ಹಗ್ಗ ಬಿಚ್ಚಿ ಕೊಟ್ರಲ್ರೀ ನಿಮ್ಮ ಕೈಯಾರ! ಕಪಾಟು ಹೊಡೀವಾಗ ಬಾಯಲ್ಲಿ ಏನಿತ್ತು?"

"ಕೂಗ್ಬೇಡ, ಪಕ್ಕದೋರು ಕೇಳ್ತಾರೆ. ಕಪಾಟು ಎಲ್ಲಿಗೆ ಹೋಯ್ತು? ಕಿರಾಣಿ ಇಡಾನ, ವ್ಯಾಪಾರ ಆಯ್ತದೆ. ನಮ್ಮ ಮನೆ ಸೊಸೆ ಬೀದೀಲಿ ಕೂತ್ಕೊಂಡು ಕಂಡೋರಿಗೆಲ್ಲ ಗುಳಿಗೆ ಎಣ್ಸಿ ಕೊಡಬೇಕಾ? ಕುಡುಕ್ರೂ ಬತ್ತಾರೆ, ಪಡ್ಡೆಗಳೂ ಬತ್ತಾರೆ. ಸರ್ಟಿಫಿಕೇಟು ಕೂತ್ರೆ ಸಾಕು, ಅವಳ್ಯಾಕೆ ಕೂರಬೇಕು?"

"ಹಂಗಂತ ಆವತ್ತೇ ಹೇಳಬೇಕಿತ್ತು."

"ಹೇಳಿದ್ರೆ ನೀನು ಬಿಡ್ತಿದ್ಯಾ?"

"ಅದಕ್ಕೇ ಕದ್ರಾ?"

ಇಂದ್ರೇಶ ನಡುವೆ ಬಾಯಿ ಹಾಕಿದ. "ಕದಿಯೋದು ಏನಮ್ಮ, ಅವಳೇ ಸೈನ್ ಹಾಕಿದಾಳೆ. ನನ್ನ ಟೆಂಪೋ ಸಾಲದ ಕಂತು ಕಟ್ಟೋಕೆ ಆಗುತ್ತೆ. ಕೂತಲ್ಲೇ ದುಡ್ಡು ಬರೋವಾಗ ಒದ್ದಾಡೋದು ಯಾಕೆ? ನೀನು ಸುಮ್ನೆ ದೊಡ್ಡದು ಮಾಡ್ತಿದೀಯ."

"ಏಳೋ ಮೇಲೆ!" ಎಂದು ಬಸಮ್ಮ ಕೂಗಿದ ರಭಸಕ್ಕೆ ಅವನು ತಟ್ಟೆ ಬಿಟ್ಟು ಎದ್ದೇಬಿಟ್ಟ. "ಸರ್ವರು ಡೌನು, ಇನ್ಸ್‌ಪೆಕ್ಟರು ರಜ. ಎಂಥ ನಾಲಿಗೆನೋ ನಿಂದು? ಆ ಕಚೇರಿಯೋರು ಅಲೆಸಿದ್ರು, ಸರಿ, ಅವ್ರು ಯಾರೋ. ನನ್ನ ಎದೆ ಹಾಲು ಕುಡ್ದೋನು ನೀನೂ ಅದೇ ಮಾತು ಕಲ್ತು ಬಂದ್ಯಲ್ಲೋ!"

ಆಮೇಲೆ ಅವಳು ಬಾಗಿಲ ಪಕ್ಕ ನಿಂತಿದ್ದ ಸೊಸೆಯ ಕಡೆ ತಿರುಗಿದಳು.

"ನೋಡ್ದಾ ಹೇಮಾ? ನಮ್ಮಿಬ್ರಿಗೂ ಹೆಂಗೆ ಮೋಸ ಮಾಡವ್ರೆ!"

ಹೇಮಲತಾ ಬಾಗಿಲ ಚಿಲಕ ತಿರುಗಿಸುತ್ತಾ ನೆಲ ನೋಡಿದಳು. ಬಸಮ್ಮ ಹತ್ತಿರ ಹೋದಳು.

"ನಿಂಗೆ ಗೊತ್ತಿತ್ತಾ?"

"ಯುಗಾದಿ ಆದ ವಾರ ಗೊತ್ತಾಯ್ತು. ಲೈಸೆನ್ಸ್ ಏನಾಯ್ತು ಅಂತ ಫೋನಲ್ಲಿ ನೋಡಿದೆ. ನನ್ನ ನಂಬರು ಬೇಲೂರಿನ ಅಂಗಡಿಗೆ ಸೇರಿದೆ ಅಂತ ಬಂತು. ಇವರನ್ನ ಕೇಳಿದೆ. ನಿಮಗೆ ಹೇಳಬೇಡ ಅಂದ್ರು."

"ಅಂದ್ರೆ? ನಾನು ದಿನಾ ಆ ಕಪಾಟು ಒರೆಸ್ತಾ ಇದ್ದದ್ದನ್ನ ನೋಡ್ಕೊಂಡು ನಿಂತಿದ್ದೆ ನೀನು?"

"ಹೇಳಿದ್ರೆ ಹೀಗೆ ಆಗ್ತಿತ್ತು ಅತ್ತೆ. ಈಗ ಆಗ್ತಿರೋ ಹಾಗೇ."

"ರೈಲಲ್ಲಿ ನನ್ನ ಭುಜದ ಮೇಲೆ ಮಲ್ಕೊಂಡು ಬರ್ತಿದ್ಯಲ್ಲೇ! ಇವ್ರು ಗಂಡಸ್ರು, ಇವ್ರ ಬುದ್ಧಿ ಇಷ್ಟೇ. ನೀನೂ ಹಿಂಗೆ ಮಾಡೋದಾ?"

ಮೊದಲ ಸಲ ಹೇಮಲತಾ ದನಿ ಏರಿಸಿದಳು. "ಓದಿ ಸೈನ್ ಹಾಕ್ತೀನಿ ಅಂದೆ. ಬೈದಿದ್ದು ಯಾರತ್ತೆ? ರೊಟ್ಟಿ ಸೀಯ್ತಾ ಇದೆ ಅಂದಿದ್ದು ಯಾರು?"

ಗಂಗಾಧರಪ್ಪ ಎದ್ದು, ಅವಲಕ್ಕಿಯ ಡಬ್ಬಿ ಎಲ್ಲಿದೆ ಎಂದು ತಾನೇ ಹುಡುಕತೊಡಗಿದ.

ಅದಾದ ಮೇಲೆ ಬಸಮ್ಮ ಅಡುಗೆಮನೆಗೆ ಕಾಲಿಡಲಿಲ್ಲ. ಪಡಸಾಲೆಯ ಮೂಲೆಯಲ್ಲಿ ಒಂದು ಸೀಮೆಣ್ಣೆ ಸ್ಟೌವ್ ಇಟ್ಟುಕೊಂಡು ತನ್ನೊಬ್ಬಳಿಗೆ ಅನ್ನ ಬೇಯಿಸಿಕೊಂಡಳು. ಒಂದೇ ಸೂರಿನಲ್ಲಿ ಎರಡು ಒಲೆ. ಊರಿನ ಬಾಯಿಗೆ ಬೇರೆ ಏನು ಬೇಕು? ಹಾಲಿನ ಡೈರಿಯಲ್ಲಿ ಒಬ್ಬಳು, "ಮೆಡಿಕಲ್ಲು ಯಾವಾಗ ಓಪನ್ನು ಬಸಮ್ಮಕ್ಕ?" ಎಂದು ಕೇಳಿದಳು. ಎಲ್ಲ ಗೊತ್ತಿದ್ದೇ ಕೇಳಿದ್ದು. "ನಿನ್ನ ಬಾಯಿ ಮುಚ್ಚೋ ಮದ್ದು ಬಂದ ಮೇಲೆ" ಎಂದು ಬಸಮ್ಮ ಹಾಲಿನ ಕ್ಯಾನು ಎತ್ತಿಕೊಂಡು ಬಂದಳು. ಎಮ್ಮೆ ಮಾರಿದ ಮೇಲೆ ಹಾಲನ್ನೂ ಕೊಂಡು ತರಬೇಕಾಗಿತ್ತು.

ಮಗನ ಜೊತೆ ಮಾತಿಲ್ಲ. ಗಂಡನಿಗೆ ಹೇಳಬೇಕಾದ್ದನ್ನು ಗೋಡೆಗೆ ಹೇಳುತ್ತಿದ್ದಳು. "ತೋಟದಿಂದ ಕಾಯಿ ಬಂದೈತಂತೆ, ಯಾರಾದ್ರೂ ಇಳಿಸ್ಕೊಳ್ಳೋದಾದ್ರೆ ಇಳಿಸ್ಕೊಳ್ಳಲಿ." ಗಂಗಾಧರಪ್ಪ ಎದ್ದು ಹೋಗಿ ಇಳಿಸಿಕೊಳ್ಳುತ್ತಿದ್ದ. ಒಂದೆರಡು ಸಲ ಅವನು ಮೆತ್ತಗೆ, "ಆಯ್ತು ಬಿಡೇ, ವರ್ಷ ಕಳೀಲಿ, ವಾಪಸ್ ತರ್ಸಾನ" ಎಂದ. ಬಸಮ್ಮ ನಂಬಲಿಲ್ಲ. ವಾಪಸ್ ತರಿಸಬೇಕಾದರೆ ಅರ್ಜಿ, ಅರ್ಜಿಗೆ ಸರ್ವರು, ಸರ್ವರಿಗೆ ಇನ್ನೊಂದು ಷಡ್ಡಕ. ಆ ದಾರಿ ಅವಳಿಗೆ ಗೊತ್ತಿತ್ತು.

ಹೇಮಲತಾ ಮಾತ್ರ ಎಂದಿನಂತೆ ಕಸ ಗುಡಿಸಿ, ಪಾತ್ರೆ ಬೆಳಗಿ, ಗಂಡಸರಿಗೆ ಬಡಿಸುತ್ತಿದ್ದಳು. ದಿನಾ ಒಂದು ತಟ್ಟೆ ಅತ್ತೆಗೂ ಮುಚ್ಚಿಡುತ್ತಿದ್ದಳು. ಬೆಳಿಗ್ಗೆ ಅದು ಮುಚ್ಚಿದ ಹಾಗೇ ಇರುತ್ತಿತ್ತು.

ಒಂದು ಸೋಮವಾರ ಬಸಮ್ಮ ಲಿಂಗಪೂಜೆ ಮುಗಿಸಿ ಎದ್ದಾಗ ಮನೆಯಲ್ಲಿ ಸೊಸೆ ಇರಲಿಲ್ಲ. ಬೆಳಗಿನ ಅಡುಗೆ ಆಗಿತ್ತು. ಗಂಗಾಧರಪ್ಪ ಬಸ್ಸಾರು ಕಲಸಿ ಮೊದಲ ತುತ್ತು ಎತ್ತುವಷ್ಟರಲ್ಲಿ ಫೋನು ಬಂತು. ಕೇಳುತ್ತಾ ಕೇಳುತ್ತಾ ಅವನ ಮುಖ ಬಿಳಿಚಿತು.

"ಅಲ್ಲಿಗೆ ಯಾಕೆ ಬಂದ್ಳು?... ಏಳು ಅನ್ನಿ... ಏಳಲ್ಲ ಅಂದ್ರೆ ಏನು?"

ಫೋನು ಇಟ್ಟು ಹೆಂಡತಿಯನ್ನು ನೋಡಿದ. ಗೋಡೆಯನ್ನಲ್ಲ, ಅವಳನ್ನೇ.

"ಹೇಮಾ ಕರಿಬಸವಯ್ಯನ ಅಂಗಡೀಲಿ ಹೋಗಿ ಕೂತವ್ಳಂತೆ. ಬಿಳಿ ಕೋಟು ಹಾಕ್ಕೊಂಡು. ಸರ್ಟಿಫಿಕೇಟ್ ಇರೋ ಕಡೆ ನಾನು ಇರ್ಬೇಕು, ಅದೇ ಕಾನೂನು, ನಾನಿಲ್ದೆ ಗುಳಿಗೆ ಮಾರಂಗಿಲ್ಲ ಅಂತಾಳಂತೆ. ಕೂರೋಕೆ ಬಿಡದಿದ್ರೆ ಇಲಾಖೆಗೆ ಬರೀತೀನಿ ಅಂತಾಳಂತೆ. ಅಂಗಡೀಲಿ ಜನ ನಿಂತು ನೋಡ್ತಾವ್ರೆ."

ಇಂದ್ರೇಶ ಎದ್ದು ಶರ್ಟು ಹುಡುಕಿದ. ಅಪ್ಪ ತಡೆದ. "ನೀನು ಹೋದ್ರೆ ಬೀದಿ ರಂಪ. ಬಸಮ್ಮ, ನೀನು ಹೋಗೇ. ನಿನ್ನ ಮಾತು ಕೇಳ್ತಾಳೆ. ಕರ್ಕೊಂಡು ಬಾ. ನಿನ್ನ ದಮ್ಮಯ್ಯ."

ಮೂವತ್ತು ವರ್ಷಕ್ಕೂ ಮೇಲಾದ ಸಂಸಾರದಲ್ಲಿ ಗಂಡನ ಬಾಯಲ್ಲಿ ದಮ್ಮಯ್ಯ ಕೇಳಿದ್ದು ಅದೇ ಮೊದಲು. ಬಸಮ್ಮ ಸೀರೆ ಬದಲಿಸಿ ಹೊರಟಳು. ಬಸ್ಸಿನಲ್ಲಿ ಅವಳ ಮನಸ್ಸು ಹಿಗ್ಗುತ್ತಿತ್ತು. ಹುಡುಗಿಗೆ ಬುದ್ಧಿ ಬಂತು. ಇನ್ನು ಆ ಫ್ರೇಮು ಇಳಿಸಿ, ಕಂಕುಳಲ್ಲಿ ಇಟ್ಟುಕೊಂಡು ಇಬ್ಬರೂ ಒಂದೇ ಬಸ್ಸಿನಲ್ಲಿ ಹಳೇಬೀಡಿಗೆ ಬಂದುಬಿಡುವುದು. ಕಪಾಟು ಕಾಯುತ್ತಿದೆ. ಆ ಗಂಡಸರು ಎಲ್ಲಿ ಮುಖ ಇಟ್ಟುಕೊಳ್ಳುತ್ತಾರೋ ನೋಡೋಣ.

ಅಂಗಡಿಯ ಮುಂದೆ ಗಿರಾಕಿಗಳು ಸಾಲು ನಿಂತಿದ್ದರು. ಹೇಮಲತಾ ಒಬ್ಬ ಮುದುಕನಿಗೆ ಚೀಟಿ ತೋರಿಸಿ ಹೇಳುತ್ತಿದ್ದಳು. "ಇದು ಊಟಕ್ಕೆ ಮುಂಚೆ ಯಜಮಾನ್ರೇ, ಇದು ಊಟ ಆದ ಮೇಲೆ. ಮೊನ್ನೆ ಎರಡನ್ನೂ ಒಟ್ಟಿಗೆ ನುಂಗಿದ್ರಾ? ತಲೆ ಸುತ್ತಿದ್ದು ಅದಕ್ಕೇ." ಮುದುಕ ತಲೆಯಾಡಿಸುತ್ತಿದ್ದ. ಕರಿಬಸವಯ್ಯ ಒಂದು ಮೂಲೆಯಲ್ಲಿ ಸ್ಟೂಲಿನ ಮೇಲೆ, ತನ್ನದೇ ಅಂಗಡಿಯಲ್ಲಿ ನಂಟನ ಹಾಗೆ ಕೂತಿದ್ದ.

"ಅಕ್ಕಾವ್ರೇ, ಸದ್ಯ ಬಂದ್ರಲ್ಲ. ನೀವೇ ಹೇಳಿ."

ಬಸಮ್ಮ ಅವನ ಕಡೆ ನೋಡದೆ ಮುಂದೆ ಬಂದಳು. ಹೇಮಲತಾ ಇನ್ನೊಬ್ಬರನ್ನು ಕಳುಹಿಸಿ ಅತ್ತೆಯ ಎದುರಿಗೆ ಬಂದು ನಿಂತಳು. ನಡುವೆ ಗಾಜಿನ ಕೌಂಟರು.

"ಭೇಷ್ ಕಣೇ" ಎಂದಳು ಬಸಮ್ಮ. "ಇಳಿಸು ಅದನ್ನ. ಇದೇ ಬಸ್ಸಿಗೆ ಹೋಗಾನ. ನಾಳೆನೇ ನಮ್ಮ ಅಂಗಡಿಗೆ ಅರ್ಜಿ ಹಾಕಾನ."

"ನಾನು ಬರೋದು ಸಂಜೆ ಬಸ್ಸಿಗೆ ಅತ್ತೆ."

"ಸಂಜೆವರ್ಗೂ ಇಲ್ಲೇನು ಕೆಲ್ಸ?"

"ಇದೇ ಕೆಲಸ. ಇವರ ಹತ್ರ ಮಾತಾಡಿದೀನಿ. ಬಾಡಿಗೆ ಅಲ್ಲ, ಸಂಬಳ. ನನ್ನ ಅಕೌಂಟಿಗೆ. ಒಪ್ಪಿದಾರೆ, ಒಪ್ಪದೆ ಬೇರೆ ದಾರಿ ಇಲ್ಲ ಅವರಿಗೆ."

ಬಸಮ್ಮನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. "ಕಂಡೋರ ಅಂಗಡೀಲಿ ಕೂಲಿಗೆ ಕೂತ್ಕೊಂತೀಯಾ? ಹಳೇಬೀಡಲ್ಲಿ ನಿನ್ನ ಸ್ವಂತದ್ದು ಇರೋವಾಗ?"

"ಅದು ನನ್ನ ಸ್ವಂತದ್ದಾ ಅತ್ತೆ?"

"ಮತ್ತಿನ್ಯಾರ್ದೇ?"

ಹೇಮಲತಾ ದನಿ ತಗ್ಗಿಸಿದಳು. ಹಿಂದಿನವರಿಗೆ ಕೇಳಿಸಬಾರದು ಎಂಬಷ್ಟು ಮರ್ಯಾದೆಯನ್ನು ಅವಳು ಉಳಿಸಿಕೊಂಡಿದ್ದಳು. "ಅಲ್ಲಿ ಅಂಗಡಿ ಆದ್ರೆ ಗಲ್ಲಾಪೆಟ್ಟಿಗೆ ಕೀಲಿ ಯಾರ ಹತ್ರ ಇರುತ್ತೆ?"

"ನನ್ನ ಹತ್ರ" ಎಂದಳು ಬಸಮ್ಮ. ಯೋಚಿಸದೆ, ಥಟ್ಟನೆ, ತನ್ನ ಸ್ವಭಾವದಂತೆ.

ಹೇಮಲತಾ ನಗಲಿಲ್ಲ, ಮುನಿಯಲೂ ಇಲ್ಲ. ಹಿಂದೆ ನಿಂತಿದ್ದ ಹೆಂಗಸಿನ ಕೈಯಿಂದ ಚೀಟಿ ಇಸಿದುಕೊಂಡಳು. "ಒಂದ್ನಿಮಿಷ ಅತ್ತೆ, ಪಕ್ಕಕ್ಕೆ ನಿಂತ್ಕೊಳಿ. ಇವರ ಮಗೀಗೆ ಜ್ವರ ಅಂತೆ."

ಬಸಮ್ಮ ಪಕ್ಕಕ್ಕೆ ಸರಿದಳು. ಸರಿದು, ಮೆಟ್ಟಿಲಿಳಿದು, ಬಸ್ ನಿಲ್ದಾಣದ ಕಲ್ಲುಬೆಂಚಿನ ಮೇಲೆ ಹೋಗಿ ಕೂತಳು. ಗಂಡ ಮೋಸ ಮಾಡಿದ, ಮಗ ಮೋಸ ಮಾಡಿದ. ಅವರಿಗೆ ಬೈಯಲು ಬಾಯಿತ್ತು. ಇವಳು ಮಾಡಿದ್ದಕ್ಕೆ ಏನೆಂದು ಬೈಯುವುದು? ತಾನು ಬುತ್ತಿ ಹೊತ್ತು ಅಲೆದದ್ದು, ತನ್ನ ಎಮ್ಮೆ, ತನ್ನ ಕಪಾಟು, ಎಲ್ಲವನ್ನೂ ಒಂದು ಮಾತಿನಲ್ಲಿ ಪಕ್ಕಕ್ಕೆ ನಿಲ್ಲಿಸಿದಳು ಹುಡುಗಿ. ಹಳೇಬೀಡಿನ ಬಸ್ಸು ಬಂತು, ಜನ ನುಗ್ಗಿದರು, ಬಸ್ಸು ಹೋಯಿತು. ಅವಳು ಏಳಲಿಲ್ಲ. ಕೂತಲ್ಲಿಂದ ಅಂಗಡಿ ಕಾಣುತ್ತಿತ್ತು. ಬಿಳಿ ಕೋಟು ಆಚೆ ಈಚೆ ಓಡಾಡುವುದೂ ಕಾಣುತ್ತಿತ್ತು.

ಫೋನು ಬಡಿದುಕೊಂಡಿತು. ಗಂಗಾಧರಪ್ಪ.

"ಏನಾಯ್ತೇ? ಹೊರಟ್ರಾ?"

"ಇಲ್ಲ."

"ಬಾ ಅಂತ ಹೇಳ್ದಾ?"

ಬಸಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಸುಳ್ಳು ಅವಳ ಬಾಯಲ್ಲಿ ಯಾವತ್ತೂ ನಿಂತದ್ದಲ್ಲ, ಅದಕ್ಕೇ ಊರವರು ಅವಳಿಗೆ ಹೆದರುತ್ತಿದ್ದದ್ದು.

"ಹೇಳ್ದೆ. ಕಾಲು ಹಿಡ್ಕೊಂಡು ಹೇಳ್ದೆ. ಕೇಳಲಿಲ್ಲ. ದಿನಾ ಇಲ್ಲಿಗೇ ಬರ್ತಾಳಂತೆ, ಏನು ಮಾಡ್ಕೊಂತೀರೋ ಮಾಡ್ಕೊಳ್ಳಿ ಅಂದ್ಲು."

"ಹಂಗಂದ್ಲಾ? ಮತ್ತೆ ಮಧ್ಯಾಹ್ನಕ್ಕೆ ಅಡುಗೆ?"

ಬಸಮ್ಮ ಫೋನು ಕಟ್ ಮಾಡಿ, ಮುಂದಿನ ಬಸ್ಸು ಎಷ್ಟು ಹೊತ್ತಿಗೆ ಎಂದು ಪಕ್ಕದವಳನ್ನು ಕೇಳಿದಳು. ಈಗೊಂದಿದೆ, ಆಮೇಲೆ ಸಂಜೆವರೆಗೂ ಬೇಕಾದಷ್ಟಿವೆ ಎಂದಳು ಅವಳು.

"ಸಂಜೇದಕ್ಕೇ ಹೋಗ್ತೀನಿ ಬಿಡು" ಎಂದಳು ಬಸಮ್ಮ.